ಮೂರನೇ ಮಗ್ಗದ ಸ್ವಿಚ್ಚು

ದೊಡ್ಡ ತಪ್ಪನ್ನು ಒಪ್ಪಿಕೊಳ್ಳುವುದು ಅಂಥ ಕಷ್ಟವಲ್ಲ. ಹಿಂದೆ ಕುಡಿಯುತ್ತಿದ್ದೆ, ಈಗ ಬಿಟ್ಟಿದ್ದೇನೆ ಎನ್ನುವವನನ್ನು ಜನ ಮೆಚ್ಚಿ ನೋಡುತ್ತಾರೆ, ಮದುವೆ ಮನೆಯಲ್ಲಿ ಪಕ್ಕಕ್ಕೆ ಕರೆದು ಕೂರಿಸಿಕೊಳ್ಳುತ್ತಾರೆ. ಕಷ್ಟವೆಂದರೆ ಪೆದ್ದು ತಪ್ಪನ್ನು ಒಪ್ಪಿಕೊಳ್ಳುವುದು. ಅದನ್ನು ಕೇಳಿದವರು ಅಯ್ಯೋ ಪಾಪ ಎನ್ನುವುದಿಲ್ಲ, ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನ್ನದು ಆ ಜಾತಿಯ ತಪ್ಪು. ಜೊತೆಗೆ ಅದರ ಹಿಂದೆ ಇನ್ನೊಂದು ತಪ್ಪಿದೆ, ಅದಕ್ಕೆ ಯಾರೂ ನಗಲಾರರು. ಎರಡನ್ನೂ ಹೇಳುತ್ತೇನೆ. ನಾನು ಓದಿರುವುದು ಏಳನೇ ಕ್ಲಾಸು. ನನ್ನ ಬಲಗೈ ಅಷ್ಟೂ ಓದಿಲ್ಲ.

ಮೊದಲು ಆ ಕೈಯ ವಿದ್ಯಾಭ್ಯಾಸದ ವಿಷಯ. ದೊಡ್ಡಬಳ್ಳಾಪುರದಲ್ಲಿ ನಮ್ಮದು ನಾಲ್ಕು ಮಗ್ಗದ ಮನೆ. ಮುಂದೆ ಮನೆ, ಹಿಂದೆ ಶೀಟು ಹೊದಿಸಿದ ಶೆಡ್ಡು. ಶೆಡ್ಡಿನ ಬಾಗಿಲ ಪಕ್ಕದ ಗೋಡೆಗೆ ಒಂದು ಹಲಗೆ, ಹಲಗೆಯ ಮೇಲೆ ಸಾಲಾಗಿ ನಾಲ್ಕು ಸ್ವಿಚ್ಚು, ಮಗ್ಗಕ್ಕೊಂದರಂತೆ. ನಮ್ಮಪ್ಪ ನನಗೆ ಹೇಳಿಕೊಟ್ಟ ಪಾಠ ಒಂದೇ: ಆಳಿಲ್ಲದ ಮಗ್ಗ ಓಡಬಾರದು. ಕರೆಂಟಿನ ಮಗ್ಗಕ್ಕೆ ಕಣ್ಣಿಲ್ಲ. ಎಳೆ ಕಡಿದರೂ ಅದು ಲಟಪಟ ಬಡಿಯುತ್ತಲೇ ಇರುತ್ತದೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ, ಟೀ ಕುಡಿದು ಬರುವಷ್ಟರಲ್ಲಿ ಸೀರೆಯ ಮಧ್ಯೆ ಮೊಳದುದ್ದ ಜಾಲರಿ. ಆ ಸೀರೆಯನ್ನು ಕಿಟಕಿಗೆ ಪರದೆ ಮಾಡಿದರೂ ಕಿಟಕಿ ನಾಚಿಕೊಳ್ಳುತ್ತದೆ. ಆದ್ದರಿಂದ ಶೆಡ್ಡು ಖಾಲಿ ಬಿಟ್ಟು ಹೊಸಿಲು ದಾಟುವ ಮುಂಚೆ ನಾಲ್ಕೂ ಆರಿಸಬೇಕು. ಟಕ್, ಟಕ್, ಟಕ್, ಟಕ್. ಹನ್ನೆರಡನೇ ವಯಸ್ಸಿನಲ್ಲಿ ಒಂದು ಸಲ ಮರೆತಿದ್ದಕ್ಕೆ ಅಪ್ಪ ಲಾಳಿ ತೆಗೆದುಕೊಂಡು ಬೆರಳ ಗೆಣ್ಣಿನ ಮೇಲೆ ಒಂದು ಬಿಟ್ಟರು. ಆಮೇಲೆ ಮೂವತ್ತು ವರ್ಷ ಆ ಕೈ ಮರೆತಿಲ್ಲ. ಮನೆಗೆ ಬೆಂಕಿ ಬಿದ್ದಿದೆ ಎಂದು ಯಾರಾದರೂ ಕೂಗಿಕೊಂಡರೂ ನಾನು ನಾಲ್ಕು ಟಕ್ ಮುಗಿಸಿಯೇ ಓಡುವವನು. ನನ್ನ ಮದುವೆಯ ದಿನ ಛತ್ರದಿಂದ ಹೊರಡುವಾಗ ಬಾಗಿಲ ಪಕ್ಕದ ಸ್ವಿಚ್ಚುಗಳನ್ನೆಲ್ಲ ಆರಿಸಿ ಬಂದೆನಂತೆ. ಒಳಗೆ ಹೆಣ್ಣಿನ ಕಡೆಯವರು ಇನ್ನೂ ಊಟಕ್ಕೆ ಕೂತಿದ್ದರು. ನನ್ನ ಹೆಂಡತಿ ಈಗಲೂ ಗಾರ್ಮೆಂಟ್ಸಿಗೆ ಹೊರಡುವಾಗ ಒಮ್ಮೊಮ್ಮೆ ಅದನ್ನು ನೆನಪಿಸಿ ಹೋಗುತ್ತಾಳೆ.

ಇನ್ನು ನನ್ನ ತಂಗಿ ಪವಿತ್ರ. ನನಗಿಂತ ಹದಿನಾರು ವರ್ಷ ಚಿಕ್ಕವಳು. ಇಲ್ಲೇ ಕಾಲೇಜಿನಲ್ಲಿ ಕಂಪ್ಯೂಟರ್ ಓದಿ, ಎರಡು ವರ್ಷ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬಂದು, "ನಿಂತ್ಕೊಂಡು ಹೋಗಿ ನಿಂತ್ಕೊಂಡು ಬರೋಕೆ ಇಷ್ಟು ಓದ್ಬೇಕಿತ್ತಾ" ಎಂದು ಬಿಟ್ಟು, ಊರಲ್ಲೇ ಸ್ವಂತವಾಗಿ ಏನಾದರೂ ಮಾಡುತ್ತೇನೆ ಎಂದು ಕೂತಿದ್ದಳು. ಅದೇ ಹೊತ್ತಿಗೆ ನಮ್ಮ ನೇಕಾರರ ಸಂಘದವರಿಗೆ ಸದಸ್ಯರು ನೇಯ್ದ ಸೀರೆಗಳನ್ನು ಇಂಟರ್‌ನೆಟ್ಟಿನಲ್ಲಿ ಮಾರುವ ಆಸೆ ಹುಟ್ಟಿತು. ಬೆಂಗಳೂರಿನ ಒಂದು ಕಂಪನಿ ಮಾಡಿಕೊಡಲು ಮುಂದೆ ಬಂತು. ಆದರೆ ಸಂಘದ ಅಧ್ಯಕ್ಷರಿಗೆ ಅನುಮಾನ. "ನಿಮ್ಮ ಅಂಗಡಿ ಮೋಡದಲ್ಲಿರುತ್ತೆ ಅಂತಾರಲ್ಲ, ಮೋಡಾನ ನಂಬೋದು ಹೆಂಗಪ್ಪಾ? ಯಂತ್ರ ಅಂದ್ಮೇಲೆ ಕಣ್ಣೆದುರಿಗಿರ್ಬೇಕು, ಕೈಯಲ್ಲಿ ಮುಟ್ಟೋ ಹಂಗಿರ್ಬೇಕು" ಎಂದರು. ಮುಟ್ಟುವಂಥ ಯಂತ್ರಗಳನ್ನು ನಾನು ಹೂಡಿಕೊಡುತ್ತೇನೆ ಎಂದಳು ಪವಿ. ಒಂದು ತಿಂಗಳು ನಡೆಸಬೇಕು, ಆಮೇಲೆ ಸಂಘದ ಸಭೆಯಲ್ಲಿ ಎಲ್ಲರೆದುರು ಓಡಿಸಿ ತೋರಿಸಬೇಕು, ಓಡಿದರೆ ಕೆಲಸ ಅವಳಿಗೆ ಕಾಯಂ, ಇಲ್ಲದಿದ್ದರೆ ಬೆಂಗಳೂರಿನ ಕಂಪನಿಗೆ ಎಂದು ಮಾತಾಯಿತು. "ಇದು ಆಗ್ಲಿಲ್ಲ ಅಂದ್ರೆ ಮತ್ತೆ ಬೆಳಗಿನ ರೈಲೇ ಅಣ್ಣ" ಎಂದಳು ನನ್ನ ಹತ್ತಿರ. ನಗುತ್ತಲೇ ಹೇಳಿದಳು, ಆದರೆ ಆ ನಗು ಪೂರ್ತಿ ಇರಲಿಲ್ಲ.

ನಮ್ಮ ಮೂರನೇ ನಾಲ್ಕನೇ ಮಗ್ಗಗಳನ್ನು ಆಳು ಸಿಗದೆ ಹೋದ ವರ್ಷ ಮಾರಿದ್ದೆವು. ಆ ಖಾಲಿ ಜಾಗದಲ್ಲಿ, ನೂಲಿನ ಧೂಳು ಹೋಗದಂತೆ ಪ್ಲೈವುಡ್ಡಿನ ಒಂದು ಗೂಡು ಕಟ್ಟಿಸಿ, ಮಗ್ಗದ ಅದುರಾಟ ತಾಗದಂತೆ ಕೆಳಗೆ ರಬ್ಬರು ಹಾಸಿ, ಎರಡು ಕಂಪ್ಯೂಟರುಗಳನ್ನು ಕೂರಿಸಿದಳು. ಮೂರನೆಯದನ್ನು ಮನೆಯ ಮುಂದಿನ ಕೋಣೆಯಲ್ಲಿ ಟಿವಿ ಪಕ್ಕ ಇಟ್ಟಳು. ಆಮೇಲೆ ನನ್ನನ್ನೂ ಅಮ್ಮನನ್ನೂ ಕೂರಿಸಿಕೊಂಡು ಪಾಠ ಮಾಡಿದಳು.

"ಅಣ್ಣ, ಟಿವಿ ಪಕ್ಕ ಇರೋದು ವೆಬ್ ಸರ್ವರು. ಶೆಡ್ಡಲ್ಲಿರೋದು ಎರಡೂ ಜಾವಾ ಸರ್ವರು. ಸೀರೆ ನೋಡೋಕೆ ಬಂದವ್ರು ಮೊದಲು ವೆಬ್ ಸರ್ವರ್ ಹತ್ರ ಬರ್ತಾರೆ. ಫೋಟೋ ಗೀಟೋ ಎಲ್ಲಾ ಅದೇ ತೋರ್ಸುತ್ತೆ. ಈ ಸೀರೆ ಇನ್ನೂ ಇದ್ಯಾ, ಬೇರೆ ಬಣ್ಣ ಇದ್ಯಾ, ಆರ್ಡರ್ ತಗೊಳ್ಳಿ ಅಂದ್ರೆ ಅದಕ್ಕೆ ಗೊತ್ತಾಗಲ್ಲ. ಹಿಂದಕ್ಕೆ ತಿರುಗಿ ಜಾವಾ ಸರ್ವರನ್ನ ಕೇಳುತ್ತೆ. ಅದು ಹೇಳಿದ್ದನ್ನ ತಂದು ಬಂದವ್ರಿಗೆ ಕೊಡುತ್ತೆ."

"ಹಿಂದೆ ಎರಡು ಯಾಕೆ?" ಎಂದೆ.

"ಒಂದು ಬಿದ್ರೆ ಇನ್ನೊಂದು ನಡ್ಸುತ್ತೆ."

"ಎರಡೂ ಬಿದ್ರೆ?"

"ಎರಡೂ ಒಟ್ಟಿಗೆ ಯಾಕಣ್ಣ ಬೀಳುತ್ತೆ!" ಎಂದು ನಕ್ಕಳು.

ನನಗೆ ಚೆನ್ನಾಗಿ ಅರ್ಥವಾಯಿತು. ನಮ್ಮ ಮನೆ ನಡೆಯುವುದೇ ಹಾಗೆ. ಯಾರೇ ಬಂದರೂ ಮುಂದೆ ಅಮ್ಮ ಕೂತು ಬನ್ನಿ, ಕೂತ್ಕೊಳ್ಳಿ, ಕಾಫಿ ಕುಡೀರಿ ಎನ್ನುತ್ತಾಳೆ. ಏನಾದರೂ ಕೇಳಿದರೆ ಹಿಂದಕ್ಕೆ ತಿರುಗಿ "ನಾಗರಾಜಾ" ಎಂದು ಕೂಗುತ್ತಾಳೆ. ಹಿಂದೆ ಬೆವರು ಸುರಿಸುವವನು ನಾನು, ಒಳ್ಳೆಯ ಹೆಸರು ಅಮ್ಮನಿಗೆ. ಆ ಎರಡು ಜಾವಾ ಸರ್ವರುಗಳ ಮೇಲೆ ನನಗೆ ಅವತ್ತೇ ಒಂದು ಥರ ಒಡಹುಟ್ಟಿನ ಪ್ರೀತಿ ಹುಟ್ಟಿಬಿಟ್ಟಿತು.

ಗೂಡಿಗೆ ಕರೆಂಟು ಎಳೆದಿದ್ದು ಖಾಲಿ ಬಿದ್ದಿದ್ದ ಮೂರನೇ ಮಗ್ಗದ ಸ್ವಿಚ್ಚಿನಿಂದ. ಪವಿ ಅದರ ಮೇಲೆ ಕೆಂಪು ಟೇಪು ಅಂಟಿಸಿ, "ಅಣ್ಣ, ಇದನ್ನ ಮಾತ್ರ ಮುಟ್ಬೇಡ" ಎಂದಳು. "ನಾನೇನು ಮಗುನೇನೇ?" ಎಂದೆ. ಮನಸಾರೆ ಹೇಳಿದ ಮಾತು ಅದು. ಆದರೆ ಹೇಳುವ ಮುಂಚೆ ಕೈಯನ್ನು ಒಂದು ಮಾತು ಕೇಳಬೇಕಿತ್ತು. ಎರಡು ಮಗ್ಗ ಮಾರಿದ ಸುದ್ದಿಯನ್ನು ಅದಕ್ಕೆ ಯಾರೂ ತಿಳಿಸಿರಲಿಲ್ಲ. ವರ್ಷದಿಂದಲೂ ಅದು ನಾಲ್ಕೂ ಸ್ವಿಚ್ಚುಗಳನ್ನು ಆರಿಸುತ್ತಿತ್ತು, ಬಂದು ನಾಲ್ಕನ್ನೂ ಹಾಕುತ್ತಿತ್ತು. ಖಾಲಿ ಸ್ವಿಚ್ಚಿನಿಂದ ಯಾರಿಗೂ ತೊಂದರೆ ಇಲ್ಲದ್ದರಿಂದ ನನಗೂ ಗೊತ್ತಿರಲಿಲ್ಲ.

ಈಗ ನನ್ನ ದಿನಚರಿ ಕೇಳಿ. ಮಧ್ಯಾಹ್ನದ ಊಟ ಅಮ್ಮ ಶೆಡ್ಡಿಗೇ ತಂದುಕೊಡುತ್ತಾಳೆ. ಪವಿ ಹಗಲೆಲ್ಲ ಸಂಘದ ಆಫೀಸಿನಲ್ಲಿ ಕೂತು ಸೀರೆಗಳ ಫೋಟೋ ಏರಿಸಿ, ಸಂಜೆ ಬಂದು ಗೂಡಿನಲ್ಲಿ ಕೆಲಸ ಮಾಡಿ ಶೆಡ್ಡಿಗೆ ತಾನೇ ಬೀಗ ಹಾಕುತ್ತಾಳೆ. ಶೆಡ್ಡಿನಲ್ಲಿ ಒಬ್ಬರಿದ್ದರೆ ನನ್ನ ಕೈ ಸ್ವಿಚ್ಚಿನ ತಂಟೆಗೆ ಹೋಗುವುದಿಲ್ಲ. ಶೆಡ್ಡು ಖಾಲಿಯಾಗುವುದು ಎರಡೇ ಸಲ, ಬೆಳಗ್ಗೆ ಹನ್ನೊಂದಕ್ಕೆ ಮತ್ತು ಸಂಜೆ ನಾಲ್ಕಕ್ಕೆ. ಆಗ ನಾನು ಬೀದಿ ಕೊನೆಯ ಟೀ ಅಂಗಡಿಯಲ್ಲಿರುತ್ತೇನೆ. ಜಾವಾ ಸರ್ವರುಗಳ ಹತ್ತಿರ ಪವಿ ಒಂದು ಯುಪಿಎಸ್ಸು ಇಟ್ಟಿದ್ದಳು, ಎಂದರೆ ಕರೆಂಟು ಹೋದರೂ ಇಪ್ಪತ್ತು ನಿಮಿಷ ತಾಳುವ ಬ್ಯಾಟರಿ. ಕರೆಂಟು ಹೋದರೆ ಅದು ಕುಂಯ್ ಕುಂಯ್ ಎನ್ನುತ್ತದೆ. ಮಗ್ಗ ಓಡುತ್ತಿದ್ದರೆ ಆ ಸದ್ದು ಕೇಳುವುದಿಲ್ಲ, ಮಗ್ಗ ನಿಂತಾಗ ಕೇಳುವುದಕ್ಕೆ ನಾನಿರುವುದಿಲ್ಲ. ಟೀ ಇಪ್ಪತ್ತು ನಿಮಿಷದೊಳಗೆ ಮುಗಿದರೆ ಲೋಕಕ್ಕೆ ಏನೂ ಗೊತ್ತಾಗುವುದಿಲ್ಲ. ಮುಗಿಯದಿದ್ದರೆ ಎರಡು ಜಾವಾ ಸರ್ವರುಗಳೂ ಒಟ್ಟಿಗೆ ಕಣ್ಣು ಮುಚ್ಚುತ್ತವೆ. ಮುಂದೆ ಟಿವಿ ಪಕ್ಕ ಕೂತ ವೆಬ್ ಸರ್ವರು ಮಾತ್ರ ಏನೂ ಆಗಿಲ್ಲವೆಂಬಂತೆ, ಬಂದ ಗಿರಾಕಿಗಳಿಗೆಲ್ಲ "ಸೇವೆ ಸದ್ಯಕ್ಕೆ ಲಭ್ಯವಿಲ್ಲ, ದಯವಿಟ್ಟು ಸ್ವಲ್ಪ ಹೊತ್ತಿನ ನಂತರ ಬನ್ನಿ" ಎಂದು ಕೈಮುಗಿಯುತ್ತದೆ. ಅದಕ್ಕೆ ಕಂಪ್ಯೂಟರಿನವರ ಭಾಷೆಯಲ್ಲಿ ಐನೂರಮೂರು ಎನ್ನುತ್ತಾರಂತೆ.

ಮೊದಲ ಸಲ ಐನೂರಮೂರು ಬಂದಾಗ ನಾನು ಟೀ ಅಂಗಡಿಯಲ್ಲೇ ಇದ್ದೆ. ಫೋನು ಬಂತು.

"ಅಣ್ಣ, ಎಲ್ಲಿದ್ದೀಯ?"

ಸಕ್ಕರೆ ಕಾಯಿಲೆಯೆಂದು ಡಾಕ್ಟರು ನನ್ನ ಟೀ ಕಡಿಮೆ ಮಾಡಿಸಿ ಆರು ತಿಂಗಳಾಗಿತ್ತು. "ಶೆಡ್ಡಲ್ಲೇ ಇದ್ದೀನಿ ಕಣೇ" ಎಂದೆ.

"ಅಲ್ಲಿ ಕರೆಂಟ್ ಇದ್ಯಾ?"

ಟೀ ಅಂಗಡಿಯ ಫ್ಯಾನು ತಿರುಗುತ್ತಿತ್ತು. "ಇದೆ" ಎಂದೆ.

ಹೀಗೆ ತಂಗಿಯ ತನಿಖೆಯ ಮೊದಲ ಸಾಕ್ಷಿಯೇ ಸುಳ್ಳು ಸಾಕ್ಷಿಯಾಯಿತು. ನಾನು ಲೋಟ ಇಟ್ಟು ದಡದಡ ಬಂದು ಮಗ್ಗ ಹೂಡಿದೆ. ಟಕ್, ಟಕ್, ಟಕ್, ಟಕ್. ಅವಳು ಸ್ಕೂಟರಿನಲ್ಲಿ ಓಡೋಡಿ ಬಂದು ಗೂಡಿನ ಬಾಗಿಲು ತೆಗೆದರೆ ಸರ್ವರುಗಳು ಎದ್ದು ಕೂತಿವೆ. ಜಾವಾದವು ಎದ್ದ ತಕ್ಷಣ ಕೆಲಸಕ್ಕೆ ಬರುವುದಿಲ್ಲ, ನಾಲ್ಕೈದು ನಿಮಿಷ ಮೈ ಮುರಿದು, ಬೆಚ್ಚಗಾಗಿ, ಆಮೇಲೆ ಏನು ಸಮಾಚಾರ ಎನ್ನುತ್ತವೆ. "ಈಗ ಸತ್ತು ಬಿದ್ದಿತ್ತು ಅಣ್ಣ, ನಾನು ಬರೋಷ್ಟರಲ್ಲಿ ಎದ್ಬಿಟ್ಟಿದೆ!" ಎಂದು ಅವಳು, "ಹೌದಾ?" ಎಂದು ನಾನು. ಆಗ ನಾನು ಆಡುತ್ತಿದ್ದುದು ನಾಟಕವಲ್ಲ, ನಿಜವಾದ ಆಶ್ಚರ್ಯ.

ವಾರದಲ್ಲಿ ಮೂರು ಸಲ, ನಾಲ್ಕು ಸಲ ಇದೇ ಆಯಿತು. ಪವಿ ಮೊದಲು ಜಾವಾಕ್ಕೆ ಕೊಟ್ಟ ಜಾಗ ಸಾಲದಿರಬಹುದು ಎಂದು ಹೆಚ್ಚಿಗೆ ಕೊಟ್ಟಳು. ಆಮೇಲೆ ಎಲ್ಲವನ್ನೂ ಅಳಿಸಿ ಹೊಸದಾಗಿ ಹೂಡಿದಳು. ಸರ್ವರುಗಳು ತಾವು ಮಾಡಿದ್ದನ್ನೆಲ್ಲ ಡೈರಿಯಂತೆ ಬರೆದಿಡುತ್ತವಂತೆ. ಅದನ್ನು ಓದಿ ಓದಿ ಅವಳ ಕಣ್ಣು ಕೆಂಪಾಯಿತು. "ಸಾಯೋ ಮುಂಚೆ ಒಂದು ಮಾತೂ ಹೇಳಿಲ್ಲ ಅಣ್ಣ, ಬರೀತಾ ಬರೀತಾ ಅರ್ಧ ಸಾಲಲ್ಲೇ ಪೆನ್ ಕೆಳಗಿಟ್ಬಿಟ್ಟಿವೆ" ಎಂದಳು. ನನಗೂ ಪಾಪ ಎನಿಸಿತು. ತಪ್ಪು ಯುಪಿಎಸ್ಸಿನದಿರಬಹುದೆಂದು ಅರ್ಧ ಗಂಟೆ ತಾಳುವ ಹೊಸದು ತಂದಳು. ಆ ವಾರ ತೊಂದರೆ ಕಡಿಮೆಯಾಯಿತು. ಅವಳು ಗೆದ್ದೆ ಎಂದು ಕುಣಿದಳು. ಅಷ್ಟರಲ್ಲಿ ಟೀ ಅಂಗಡಿಯ ನನ್ನ ಜೊತೆಗಾರ ಸೀನ, ಆವತಿ ಹತ್ತಿರ ಅವನ ಷಡ್ಡಕನ ಜಮೀನಿಗೆ ಯಾರೋ ಗಿರಾಕಿ ಬಂದ ಕಥೆ ಶುರುಮಾಡಿದ. "ಕೇಳು ಗುರು, ಅಲ್ಲಿಗೇ ಮುಗೀಲಿಲ್ಲ" ಎನ್ನುವುದು ಅವನ ಅಭ್ಯಾಸ. ಮೂರು ದಿನ ಹೇಳಿದರೂ ಜಮೀನು ಮಾರಾಟವಾಗಲಿಲ್ಲ, ಟೀ ಮುಕ್ಕಾಲು ಗಂಟೆಗೆ ಹೋಯಿತು. ಐನೂರಮೂರು ಮತ್ತೆ ಬಂತು.

ಆಗ ಪವಿ ಎರಡನೇ ಜಾವಾ ಸರ್ವರಿಗೆ ಬೇರೆ ಯುಪಿಎಸ್ಸು ಕೊಟ್ಟು, ಅದನ್ನು ನಾಲ್ಕನೇ ಮಗ್ಗದ ಸ್ವಿಚ್ಚಿಗೆ ಹಾಕಿಸಿದಳು. "ಈಗ ಒಂದು ಲೈನ್ ಕೆಟ್ರೂ ಇನ್ನೊಂದು ಇರುತ್ತೆ" ಎಂದಳು. ಎಷ್ಟು ಬುದ್ಧಿವಂತಿಕೆಯ ಕೆಲಸ! ಆದರೆ ನನ್ನ ಕೈಗೆ ಪಕ್ಷಪಾತವೆಂಬುದೇ ಗೊತ್ತಿಲ್ಲ. ಮೂರನೆಯದನ್ನು ಕಂಡ ಹಾಗೆಯೇ ನಾಲ್ಕನೆಯದನ್ನೂ ಕಂಡಿತು.

ಸುಮಾರು ಮೂರು ವಾರ ಕಳೆದ ಮೇಲೆ ಒಂದು ಸಂಜೆ ಅವಳು ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಪಟ್ಟಿ ಬರೆದುಕೊಂಡು ಬಂದು ನನ್ನ ಮುಂದೆ ಹಾಸಿದಳು. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಹೊತ್ತು. "ನೋಡಣ್ಣ. ಯಾವಾಗ್ಲೂ ಹನ್ನೊಂದೂವರೆ ಆಸುಪಾಸು, ಇಲ್ಲಾ ನಾಲ್ಕೂವರೆ. ಭಾನುವಾರ ಒಂದು ಸಲಾನೂ ಇಲ್ಲ. ಅಮಾವಾಸ್ಯೆ ದಿನಾನೂ ಇಲ್ಲ."

"ಅಮಾವಾಸ್ಯೆ ದಿನ ಚೆನ್ನಾಗಿ ಓಡೋ ಯಂತ್ರ ಇದೊಂದೇ ಕಣವ್ವ" ಎಂದಳು ಅಮ್ಮ. ನಮ್ಮ ಮನೆಯಲ್ಲಿ ಅಮಾವಾಸ್ಯೆಗೆ ಮಗ್ಗ ಹೂಡುವುದಿಲ್ಲ.

"ಮಂಗಳವಾರ ನೋಡು, ಹದಿನೈದು ನಿಮಿಷ ಬಿದ್ದಿತ್ತು. ಬುಧವಾರವೂ ಹದಿನೈದು. ಗುರುವಾರ ಇಪ್ಪತ್ತು."

ಆವತಿ ಜಮೀನು. ನಾನು ಆ ಪಟ್ಟಿಯನ್ನು ನೋಡಿದೆ. ಏಳನೇ ಕ್ಲಾಸಿನವನಾದರೂ ನನ್ನ ಟೀ ನನಗೆ ಗುರುತು ಸಿಗದೆ ಇರುತ್ತದೆಯೇ? ಆ ಹಾಳೆಯಲ್ಲಿ ನನ್ನ ಪ್ರತಿಯೊಂದು ಉದ್ದದ ಟೀಯೂ ಹೆಸರಿಲ್ಲದೆ ಕೂತಿತ್ತು. ಕಣ್ಣು ತಾನಾಗಿಯೇ ಬಾಗಿಲ ಪಕ್ಕದ ಹಲಗೆಗೆ ಹೋಯಿತು. ಕೆಂಪು ಟೇಪಿನ ಮಧ್ಯೆ, ಬೆರಳು ತಾಗುವಷ್ಟು ಜಾಗದಲ್ಲಿ, ಟೇಪು ಸವೆದು ಬೆಳ್ಳಗಾಗಿತ್ತು.

"ನಾನೇ ಏನೋ ತಪ್ಪು ಮಾಡಿದ್ದೀನಿ ಅಣ್ಣ" ಎಂದಳು ಪವಿ. "ನನಗೆ ಇದು ಸರಿಯಾಗಿ ಬರಲ್ಲ ಅನ್ಸುತ್ತೆ."

ಹೇಳಬೇಕಾದದ್ದು ಆಗ. ಒಂದು ಸಾಲು. ಬಾಯಿ ತೆಗೆದೆ ಕೂಡ. "ನೋಡೋಣ ಬಿಡು" ಎಂಬ ಮಾತು ಹೊರಗೆ ಬಂತು. ನನ್ನ ಬುದ್ಧಿ ಎಂಥದ್ದು ನೋಡಿ: ಇನ್ನು ಮೇಲೆ ಸ್ವಿಚ್ಚು ಮುಟ್ಟದಿದ್ದರೆ ಆಯಿತಲ್ಲ, ರೋಗವೇ ಇಲ್ಲದ ಮೇಲೆ ಕಾರಣ ಯಾಕೆ ಬೇಕು, ಎಂದುಕೊಂಡೆ. ಮಗುನೇನೇ ಎಂದು ಕೇಳಿದವನು ನಾನೇ ತಾನೇ.

"ಹನ್ನೊಂದಕ್ಕೂ ನಾಲ್ಕಕ್ಕೂ ಹೇಗೂ ನೀನು ಶೆಡ್ಡಲ್ಲೇ ಇರ್ತೀಯಲ್ಲ" ಎಂದಳು, ನನ್ನ ಸುಳ್ಳು ಸಾಕ್ಷಿಯನ್ನು ನಂಬಿ. "ಆ ಹೊತ್ತಲ್ಲಿ ಗೂಡಿನ ಹತ್ರ ಕೂತು ಏನಾಗುತ್ತೆ ಅಂತ ನೋಡ್ತೀಯಾ?"

ಹೀಗೆ ಕಳ್ಳನನ್ನೇ ಕಾವಲಿಗೆ ಕೂರಿಸಿದಳು. ಟೀ ಫ್ಲಾಸ್ಕಿನಲ್ಲಿ ಬರತೊಡಗಿತು. ಬಚ್ಚಲಿಗೆ ಹೋಗಬೇಕಾದರೂ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು, ಪೊಲೀಸರು ಕರೆದೊಯ್ಯುವ ಹಾಗೆ ನನ್ನನ್ನು ನಾನೇ ಹೊಸಿಲು ದಾಟಿಸುತ್ತಿದ್ದೆ. ಹನ್ನೊಂದು ದಿನ ಒಂದೇ ಒಂದು ಐನೂರಮೂರು ಇಲ್ಲ. ಅಮ್ಮ ಇದಕ್ಕೆ ಅರ್ಥ ಹಚ್ಚಿದಳು: "ನಮ್ಮ ನಾಗರಾಜನ ಕೈಗುಣ." ಪಕ್ಕದ ಮನೆಗೆ ಹೇಳಿದಳು, ಅವರು ಸಂಘಕ್ಕೆ ಹೇಳಿದರು. ಇಬ್ಬರು ಸದಸ್ಯರು ತಮ್ಮ ಮನೆಯ ಕೆಟ್ಟ ಮೋಟರು ಮುಟ್ಟಿಕೊಡು ಎಂದು ನನ್ನನ್ನು ಕರೆಯಲು ಬಂದರು. ಹೋಗಿ ಮುಟ್ಟಿದೆ. ಒಂದು ಓಡಿಯೂ ಬಿಟ್ಟಿತು.

ಸಮಾಧಾನ ಸಿಗದವಳು ಪವಿ ಒಬ್ಬಳೇ. "ಇರೋ ತಪ್ಪನ್ನ ಹುಡುಕಬಹುದು ಅಣ್ಣ, ತಾನಾಗೇ ನಿಂತ್ಹೋದ ತಪ್ಪನ್ನ ಎಲ್ಲಿ ಹುಡುಕೋದು? ನಾಳೆ ಮತ್ತೆ ಬರಲ್ಲ ಅಂತ ನಾನು ಹೆಂಗೆ ಸಂಘಕ್ಕೆ ಮಾತು ಕೊಡ್ಲಿ?" ಎಂದು ದಿನವೂ ಅದೇ ಡೈರಿಗಳನ್ನು ಓದುತ್ತಿದ್ದಳು. ಸಭೆಗೆ ಎರಡು ದಿನವಿದ್ದಾಗ, "ನನ್ನ ಕೈಲಾಗಲ್ಲ ಅಂತ ಹೇಳ್ಬಿಡ್ತೀನಿ" ಎಂದಳು. ನಾನು, "ದುಡುಕ್ಬೇಡ ಕಣೇ" ಎಂದು ಅವಳ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದೆ. ಅಣ್ಣನಾದವನು ಅಷ್ಟಾದರೂ ಮಾಡಬೇಡವೇ!

ಸಭೆಯ ದಿನ ಪವಿ ಬೆಳಗ್ಗೆಯೇ ಸಂಘದ ಹಾಲಿಗೆ ಹೋದಳು. ನಾನು ಶೆಡ್ಡಿನಲ್ಲಿ ಕಾವಲು. ಹನ್ನೊಂದರ ಹೊತ್ತಿಗೆ ಸಂಘದ ಕಾರ್ಯದರ್ಶಿ ಸ್ಕೂಟರಿನಲ್ಲಿ ಬಂದು, "ನಾಗರಾಜಣ್ಣ, ಬೇಗ ಪಂಚೆ ಉಟ್ಕೊಂಡು ಬನ್ನಿ, ಅಧ್ಯಕ್ಷರು ನಿಮಗೆ ಶಾಲು ಹೊದಿಸ್ತಾರಂತೆ. ಪವಿತ್ರಾಗೂ ಹೇಳಿಲ್ಲ, ಆಶ್ಚರ್ಯ ಆಗ್ಲಿ ಅಂತ" ಎಂದರು. ಬೇಡವೆಂದರೂ ಬಿಡಲಿಲ್ಲ. ಅಮ್ಮ ತಂದುಕೊಟ್ಟ ಜರಿ ಪಂಚೆಯನ್ನು ಶೆಡ್ಡಿನಲ್ಲೇ ಸುತ್ತಿಕೊಂಡು ಹೊರಟೆ. ಜಾರುವ ಪಂಚೆಯ ಚುಂಗು ಎಡಗೈಯಲ್ಲಿತ್ತು. ಎಂದರೆ ಬಲಗೈಗೆ ಕಾವಲು ಇರಲಿಲ್ಲ.

ವೇದಿಕೆಯ ಮೇಲೆ ದೊಡ್ಡ ಪರದೆ, ಪರದೆಯ ತುಂಬಾ ನಮ್ಮ ಊರ ಸೀರೆಗಳು. ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಪವಿ. ನನ್ನನ್ನು ಕಂಡು ನಿಜವಾಗಿಯೂ ಆಶ್ಚರ್ಯಪಟ್ಟಳು. ನನಗೆ ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅಧ್ಯಕ್ಷರು ಮೈಕಿನಲ್ಲಿ, "ಈ ಮನುಷ್ಯ ಶೆಡ್ಡು ಬಿಟ್ಟು ಅಲ್ಲಾಡ್ಲಿಲ್ಲ, ಅದಕ್ಕೇ ನಮ್ಮ ಸರ್ವರು ಬೀಳ್ದೆ ನಿಂತೈತೆ!" ಎಂದರು.

ಹಾಲಿನ ಹಿಂದಿನಿಂದ ಯಾರೋ, "ಈಗ ಶೆಡ್ಡಲ್ಲಿ ಯಾರವ್ರೆ?" ಎಂದು ಕೂಗಿದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನನ್ನ ಕಿವಿಯೊಳಗೆ ಆಗ, ತಡವಾಗಿ, ನಾಲ್ಕು ಟಕ್ ಕೇಳಿಸಿದವು.

ಹೊರಟು ಇಪ್ಪತ್ತೈದು ನಿಮಿಷವಾಗಿತ್ತು. ಅಧ್ಯಕ್ಷರ ಅಂಗಿಯ ತೋಳು ಎಳೆದೆ. ಅವರು, "ನಾಗರಾಜು ಎರಡು ಮಾತು ಆಡ್ತಾರಂತೆ" ಎಂದು ಮೈಕನ್ನು ನನ್ನ ಬಾಯಿಗೆ ಹಿಡಿದರು. ನಾನು ಜೀವಮಾನದಲ್ಲಿ ಮೈಕಿನಲ್ಲಿ ಆಡಿದ ಮಾತು ಇದೊಂದೇ: "ಎಲ್ಲರಿಗೂ ನಮಸ್ಕಾರ. ನಾನು ಬರ್ತಾ ಶೆಡ್ಡಲ್ಲಿ ನಾಲ್ಕೂ ಸ್ವಿಚ್ಚು ಆರಿಸ್ಬಿಟ್ಟು ಬಂದಿದ್ದೀನಿ."

ಹಾಲಿನ ತುಂಬ ಚಪ್ಪಾಳೆ. ನೂರು ಜನ ನೇಕಾರರು, ಒಬ್ಬೊಬ್ಬರೂ ಹಾಗೇ ಆರಿಸಿ ಬಂದವರು. ಮುಂದಿನ ಸಾಲಿನ ಮುದುಕರೊಬ್ಬರು, "ಸರಿಯಾಗೇ ಮಾಡಿದ್ದೀಯ ಕಣಪ್ಪಾ, ಈಗಿನ ಹುಡುಗ್ರು ಓಡೋ ಮಗ್ಗ ಹಂಗೇ ಬಿಟ್ಟು ಬರ್ತಾರೆ" ಎಂದರು. ಪವಿಯ ಮುಖ ಮಾತ್ರ ಬೆಳ್ಳಗಾಗಿತ್ತು. ಅವಳು ಅಧ್ಯಕ್ಷರ ಕೈಯಿಂದ ಮೈಕು ಕಿತ್ತುಕೊಂಡು, ಅದೇ ಕೈಯಲ್ಲಿ ಫೋನು ಹಿಡಿದು ಅಮ್ಮನಿಗೆ ಮಾಡಿದಳು. ಸ್ಪೀಕರಿನಲ್ಲಿದ್ದ ಫೋನು ಮೈಕಿಗೆ ತಾಗಿಕೊಂಡೇ ಇದ್ದದ್ದರಿಂದ ಅಮ್ಮನ ಧ್ವನಿ ಇಡೀ ಹಾಲಿಗೆ ಕೇಳಿಸಿತು.

"ಅಮ್ಮ, ಶೆಡ್ಡಿಗೆ ಓಡು, ಸ್ವಿಚ್ ಹಾಕು!"

"ಯಾವ್ದೇ?"

"ಎಲ್ಲಾನೂ! ಎಲ್ಲಾನೂ ಹಾಕಮ್ಮ!"

ನಾಲ್ಕು ಟಕ್. ಒಡನೆಯೇ ನಮ್ಮ ಮನೆಯ ಎರಡು ಮಗ್ಗಗಳು ಸಂಘದ ಹಾಲಿನ ಎರಡು ಸ್ಪೀಕರುಗಳಲ್ಲಿ ಲಟಪಟ ಗರ್ಜಿಸತೊಡಗಿದವು. ಹಾಲಿಗೆ ಹಾಲೇ ಎದ್ದು ನಿಂತಿತು. ಸರ್ವರನ್ನು ಎಲ್ಲರೂ ಮರೆತರು. "ಆಳಿಲ್ಲ! ಆಳಿಲ್ದೆ ಓಡ್ತಾ ಐತೆ!" "ಲಾಳೀಲಿ ನೂಲೈತಾ ನೋಡಕ್ಕಾ!" "ಹಿಡಿ ಎಳೀರಿ, ಎಡಗಡೆ, ಎಡಗಡೆ!" ಅಧ್ಯಕ್ಷರೇ ಮೈಕಿನ ಹತ್ತಿರ ಬಾಗಿ, "ಮೊದಲು ನಿಲ್ಲಿಸ್ರಮ್ಮಾ!" ಎಂದು ಕೂಗಿದರು.

ಅಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಎಲ್ಲಿ ನಿಮ್ಮಣ್ಣ? ಆಳಿಲ್ದೆ ಮಗ್ಗ ಓಡ್ಸು ಅನ್ನೋಷ್ಟು ದೊಡ್ಡೋನಾದ್ನಾ? ಅವರಪ್ಪ ಇದ್ದಿದ್ರೆ ಕೈ ಮುರೀತಿದ್ರು!" ಎಂಬ ಬೈಗುಳದ ಹಿಂದೆಯೇ ನಾಲ್ಕು ಟಕ್. ಮಗ್ಗ ನಿಂತಿತು. ನೂರು ಜನ ಒಟ್ಟಿಗೆ ಅಬ್ಬಾ ಎಂದು ಕೂತರು. ಹಿಂದೆ ಪರದೆಯ ಮೇಲೆ ಸೀರೆಗಳು ಮಾಯವಾಗಿ, "ಸೇವೆ ಸದ್ಯಕ್ಕೆ ಲಭ್ಯವಿಲ್ಲ" ಎಂದು ಬಂತು.

"ಅಮ್ಮ, ಮೂರನೇದು ನಾಲ್ಕನೇದು ಮಾತ್ರ ಹಾಕು" ಎಂದು ನಾನು ಬೇಡಿಕೊಂಡೆ.

"ಅಲ್ಲಿ ಮಗ್ಗವೇ ಇಲ್ವಲ್ಲೋ!"

"ಇಲ್ದೆ ಇದ್ರೂ ಹಾಕಮ್ಮ, ನಿನ್ನ ದಮ್ಮಯ್ಯ."

ಹಾಕಿದಳು. ಆಮೇಲೆ ನಾಲ್ಕು ನಿಮಿಷ. ಜಾವಾ ಸರ್ವರುಗಳು ಮೈ ಮುರಿಯುವವರೆಗೆ ನೂರು ಜನ ಒಂದೇ ಬರಹವನ್ನು ನೋಡುತ್ತಾ ಕೂತರು. ನಾನು ಪೇಟ ತೊಟ್ಟು, ಹಣ್ಣಿನ ಬುಟ್ಟಿ ಹಿಡಿದು, ಎಲ್ಲರೆದುರಿಗೆ ನಿಂತಿದ್ದೆ. ಆ ನಾಲ್ಕು ನಿಮಿಷ ಪವಿ ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ. ಕೊನೆಗೆ ಪರದೆಯ ಮೇಲೆ ಒಂದು ನವಿಲು ಬಣ್ಣದ ಸೀರೆ ಅಂಚಿನಿಂದ ಸೆರಗಿನವರೆಗೆ ಮೆಲ್ಲಗೆ ಬಿಚ್ಚಿಕೊಂಡಿತು.

ಮುಂದಿನ ಸಾಲಿನ ಅದೇ ಮುದುಕರು ಎದ್ದು, "ಹುಡುಗಿ ಹೂಡಿದ್ದು ಸರಿಯಾಗೇ ಐತೆ. ಕೆಡ್ಸಿದ್ದು ನಮ್ಮಂಥವನ ಕೈ. ಬೆಂಗ್ಳೂರು ಕಂಪನಿ ಬಂದ್ರೂ ಕೈ ನಮ್ದೇ ತಾನೇ?" ಎಂದರು. ಸಭೆ ತಲೆದೂಗಿತು. ಕೆಲಸ ಪವಿಗೆ ಕಾಯಂ ಆಯಿತು. ಷರತ್ತು ಒಂದೇ, ಆ ಎರಡು ಲೈನುಗಳನ್ನು ಬೀಗ ಹಾಕುವ ಪೆಟ್ಟಿಗೆಗೆ ಸೇರಿಸಬೇಕು, ಬೀಗದ ಕೈ ಅಣ್ಣನ ಹತ್ತಿರ ಇರಕೂಡದು. ಶಾಲನ್ನು ಮಾತ್ರ ಯಾರೂ ವಾಪಸ್ಸು ಕೇಳಲಿಲ್ಲ.

ಮನೆಗೆ ಬರುವಾಗ ಸ್ಕೂಟರಿನಲ್ಲಿ ಪವಿ ಮೆಲ್ಲಗೆ ಕೇಳಿದಳು. "ಅಣ್ಣ, ಅಷ್ಟು ದಿನವೂ ನೀನೇನಾ?"

"ಹೂಂ ಕಣೇ. ಸ್ಟೇಜ್ ಮೇಲೆ ನಿಂತಾಗ ಹೊಳೀತು."

ಅವಳು ಸ್ಕೂಟರು ನಿಲ್ಲಿಸಿ, ರಸ್ತೆ ಬದಿಯಲ್ಲಿ ಕಾಲೂರಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿಸಿ ಕಣ್ಣೊರೆಸಿಕೊಳ್ಳುತ್ತಾ, "ನಾನು ಓದಿದ್ದೆಲ್ಲ ದಂಡ ಅಂದ್ಕೊಂಬಿಟ್ಟಿದ್ದೆ ಅಣ್ಣ" ಎಂದಳು. ಕಣ್ಣೊರೆಸುವುದು ನಗು ನಿಂತ ಮೇಲೂ ಸ್ವಲ್ಪ ಹೊತ್ತು ನಡೆಯಿತು.

ಸರ್ವರು ಬಿದ್ದರೆ ಯಾಕೆ ಬಿತ್ತು ಎಂದು ಬರೆದಿಡುವುದು ಅವರ ಕಸುಬಿನ ಪದ್ಧತಿಯಂತೆ. ಮಾರನೇ ದಿನ ಒಂದು ಫಾರಂ ತಂದು, "ನೀನೇ ಬರಿ ಅಣ್ಣ, ನೀನೇ ತಾನೇ ಸಾಕ್ಷಿ" ಎಂದಳು. ಏನಾಯಿತು, ಯಾಕಾಯಿತು, ಕಾರಣ ತಿಳಿದುಬಂದ ದಿನ ಯಾವುದು, ಮುಂದೆ ಹಾಗಾಗದಂತೆ ಏನು ಮಾಡಲಾಗಿದೆ. ಮೊದಲೆರಡಕ್ಕೂ ಕೊನೆಯದಕ್ಕೂ ನಿಜ ಬರೆದೆ. ಕಾರಣ ತಿಳಿದುಬಂದ ದಿನದ ಮುಂದೆ 'ಸಭೆಯ ದಿನ' ಎಂದು ಬರೆದೆ. ಅದು ಹನ್ನೊಂದು ದಿನದ ಸುಳ್ಳು. ಗೊತ್ತಿದ್ದೂ ತಂಗಿಯ ಕಣ್ಣು ಕೆಂಪಾಗುವುದನ್ನು ನೋಡುತ್ತಾ ಕೂತವನಿಗೆ ಆ ಫಾರಮ್ಮಿನಲ್ಲಿ ಬೇರೆ ಕಾಲಂ ಇರಲಿಲ್ಲ. ಅದಕ್ಕೇ ಇಲ್ಲಿ ಇಷ್ಟುದ್ದ ಬರೆಯಬೇಕಾಯಿತು.

ಒಂದು ತೊಡಕಿದೆ. ನನಗೆ ಟೈಪು ಮಾಡಲು ಬರುವುದಿಲ್ಲ. ನಾನು ಕೈಯಲ್ಲಿ ಬರೆದ ಯಾವುದೇ ಕಾಗದವನ್ನೂ ಟೈಪು ಮಾಡಿ, ಒತ್ತು, ದೀರ್ಘ ತಿದ್ದಿ ಕಳಿಸುವವಳು ಪವಿಯೇ. ಇದನ್ನೂ ಅವಳೇ ಮಾಡಬೇಕು. ಮೊದಲ ಹಾಳೆಗಳನ್ನು ಮೊನ್ನೆಯೇ ಕೊಟ್ಟೆ, ಓದಿ ನಕ್ಕಳಂತೆ. ಪಟ್ಟಿ ನೋಡಿದ ಸಂಜೆಯಿಂದ ಮುಂದಿನ ಹಾಳೆಗಳು ಮಾತ್ರ ಅವತ್ತಿನಿಂದ ನನ್ನ ಅಂಗಿಯ ಜೇಬಿನಲ್ಲೇ ಇವೆ, ಬೆವರಿಗೆ ಮೆತ್ತಗಾಗಿವೆ, ಈ ಕೊನೆಯದೂ ಅಲ್ಲಿಗೇ ಸೇರುತ್ತದೆ. ನೀವು ಇವನ್ನು ಓದುತ್ತಿದ್ದರೆ, ನಾನು ಕೊಟ್ಟಿದ್ದೇನೆ ಎಂದರ್ಥ. ಮಧ್ಯೆ ಎಲ್ಲೂ ಕಾಗುಣಿತ ತಪ್ಪಿಲ್ಲದಿದ್ದರೆ ಅವಳು ನನ್ನನ್ನು ಕ್ಷಮಿಸಿದ್ದಾಳೆ. ತಪ್ಪುಗಳೆಲ್ಲ ನಾನು ಬರೆದಂತೆಯೇ ಉಳಿದಿದ್ದರೆ, ದಯವಿಟ್ಟು ಯಾರಾದರೂ ನನಗೊಂದು ಮಾತು ತಿಳಿಸಿ. ನಾನೇ ನೋಡಿದರೆ ಅವು ನನ್ನ ಕಣ್ಣಿಗೆ ತಪ್ಪೆಂದು ಕಾಣುವುದಿಲ್ಲ.